ಎಸ್‌ಎಸ್‌ಡಿಯ ಪಡಿಯಚ್ಚು

ಶಾಸನಸಂಪುಟಗಳನ್ನು ಬಳಸುವವರಿಗೆ ಚುಕ್ಕಿಗಳ ಸಾಲು ಹೊಸದಲ್ಲ. ಪಾಠದ ನಡುವೆ ಮೂರೋ ಆರೋ ಚುಕ್ಕಿಗಳು ಬಂದರೆ ಅಲ್ಲಿ ಕಲ್ಲು ಸವೆದಿದೆ, ಚಕ್ಕೆ ಎದ್ದಿದೆ, ಇಲ್ಲವೆ ಯಾರೋ ಆ ಜಾಗದಲ್ಲಿ ಕುಡುಗೋಲು ಮಸೆದಿದ್ದಾರೆ ಎಂದು ತಿಳಿಯುತ್ತೇವೆ. ಓದಲು ಬಾರದ್ದನ್ನು ಬಾರದೆಂದೇ ತೋರಿಸುವ ಆ ಚುಕ್ಕಿಗಳ ಮೇಲೆ ನಮ್ಮ ವಿದ್ಯೆಯ ಅರ್ಧ ಭಾರ ನಿಂತಿದೆ. ಕಲ್ಲಿಗೂ ತಾಳೆಗರಿಗೂ ಸಲ್ಲುವ ಈ ಶಿಸ್ತು ಕಂಪ್ಯೂಟರಿನ ಒಳಗಿನ ಬರಹಕ್ಕೂ ಸಲ್ಲುತ್ತದೆಯೆ ಎಂಬ ಪ್ರಶ್ನೆಯನ್ನು ನಾನು ಕುತೂಹಲಕ್ಕಾಗಿ ಎತ್ತಿಕೊಂಡವನಲ್ಲ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನಡೆಸಿದ ಕ್ಷೇತ್ರಕಾರ್ಯದ ಕೊನೆಯಲ್ಲಿ ಅದು ತಾನಾಗಿ ಎದುರಿಗೆ ಬಂದು ನಿಂತಿತು.

ಕೆಲಸದ ಹಿನ್ನೆಲೆ ಇಷ್ಟು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟ 1894ರಲ್ಲಿ ಹೊರಬಂದಿತು. ಅಂದಿನ ಮೈಸೂರು ಜಿಲ್ಲೆಯ ಮೊದಲ ಭಾಗವಾದ ಅದರಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು 1974ರ ಮೂರನೆಯ ಸಂಪುಟಕ್ಕೂ ನರಸೀಪುರ 1976ರ ಐದನೆಯ ಸಂಪುಟಕ್ಕೂ ಸೇರಿಹೋದವು. ರೈಸರ ಕಾಲದಲ್ಲಿ ಕಲ್ಲು ಎಲ್ಲಿತ್ತು, ಪರಿಷ್ಕರಣದ ಕಾಲಕ್ಕೆ ಎಲ್ಲಿತ್ತು, ಈಗ ಎಲ್ಲಿದೆ ಎಂಬುದನ್ನು ಊರೂರು ತಿರುಗಿ ಗುರುತಿಸುವುದು, ಓರೆಬೆಳಕಿನಲ್ಲಿ ಚಿತ್ರ ತೆಗೆಯುವುದು, ಕಲ್ಲಿನ ಬಗ್ಗೆ ಊರಿನ ಹಿರಿಯರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳುವುದು ನನ್ನೊಡನೆ ಕೆಲಸ ಮಾಡುತ್ತಿದ್ದ ಸಂಶೋಧನ ವಿದ್ಯಾರ್ಥಿನಿಯ ವಿಷಯವಾಗಿತ್ತು.

ಕೆಲವು ಕಲ್ಲುಗಳ ಯಾತ್ರೆ ಸ್ಪಷ್ಟವಾಗಿದೆ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ನಿಷಿಧಿಗಲ್ಲು ಅಂಥದು. ಗಂಗರ ನೀತಿಮಾರ್ಗ ಎರೆಗಂಗನ ಕೊನೆಯ ಗಳಿಗೆಯನ್ನು ಚಿತ್ರಿಸಿರುವ, ಅವನ ಮಗ ಸತ್ಯವಾಕ್ಯನು ನಿಲ್ಲಿಸಿದ ಆ ಕಲ್ಲಿನ ಕಾಲವನ್ನು ವಿದ್ವಾಂಸರು 840 ಎಂದೂ 869 ಎಂದೂ ಹೇಳಿದ್ದಾರೆ. ಅದು ಊರನ್ನು ಬಿಟ್ಟು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು, ಫ್ಲೀಟ್ ಅದನ್ನು 'ಎಪಿಗ್ರಾಫಿಯ ಇಂಡಿಕ'ದಲ್ಲಿ ಸಂಪಾದಿಸಿದರು, ಹಾಗಾಗಿ ಅದು ಉಳಿಯಿತು. ಊರಲ್ಲೇ ಉಳಿದ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಕೆಲವು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಎನಾಮಲ್ ಬಣ್ಣ ಬಳಿಸಿಕೊಂಡಿವೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ನರಸೀಪುರ ತಾಲ್ಲೂಕಿನ ಒಂದು ಊರಿನಲ್ಲಿ (ಊರಿನ ಹೆಸರು ಇಲ್ಲಿ ಬೇಡ) ಚರಂಡಿಯ ಅಂಚಿಗೆ ಒರಗಿದ್ದ ಒಂದು ತುಂಡುಶಾಸನ ಎರಡೂ ಸಂಪುಟಗಳಲ್ಲಿ ನಮಗೆ ದೊರೆಯಲಿಲ್ಲ. ಒಟ್ಟು ಏಳು ಸಾಲು, ಎಡಭಾಗ ಒಡೆದುಹೋಗಿದೆ, ಲಿಪಿ ನೋಡಿದರೆ ಹತ್ತನೆಯ ಶತಮಾನದ ಆಚೀಚೆ. ವಿದ್ಯಾರ್ಥಿನಿ ಅದರ ಒಂಬತ್ತು ಚಿತ್ರಗಳನ್ನು ತೆಗೆದಳು. ಹತ್ತು ದಿನ ಕಳೆದು ಮತ್ತೆ ಹೋಗುವಷ್ಟರಲ್ಲಿ ಹೊಸ ಚರಂಡಿಯ ಕಾಂಕ್ರೀಟ್ ಬಿದ್ದಿತ್ತು. ಕಲ್ಲು ಅದರ ಅಡಿಯಲ್ಲಿದೆ ಎಂದು ಕೆಲವರೂ, ಟ್ರ್ಯಾಕ್ಟರಿನಲ್ಲಿ ಮಣ್ಣಿನ ಜೊತೆ ಹೋಯಿತು ಎಂದು ಕೆಲವರೂ ಹೇಳಿದರು. ಆ ಒಂಬತ್ತು ಚಿತ್ರಗಳು ಅಂದಿನಿಂದ ಆ ಶಾಸನದ ಏಕೈಕ ಆಕರವಾದವು.

ಹಿಂದಿನ ಎಲ್ಲ ಸುತ್ತಾಟಗಳ ಚಿತ್ರಗಳೂ ಮೈಸೂರಿನಲ್ಲಿ ಎರಡು ಕಡೆ ಪ್ರತಿಯಾಗಿದ್ದವು. ಪ್ರತಿ ಸುತ್ತಾಟ ಮುಗಿದ ಮೇಲೆ ಹಾಗೆ ಮಾಡುವುದು ನಮ್ಮ ಕ್ರಮ. ಮೂರು ವಾರಗಳ ಈ ಸುತ್ತಾಟದ ಸಾವಿರದ ನೂರಕ್ಕೂ ಹೆಚ್ಚು ಚಿತ್ರಗಳು ಇನ್ನೂ ಅವಳ ಲ್ಯಾಪ್‌ಟಾಪಿನಲ್ಲೇ ಇದ್ದವು. ನಂಜನಗೂಡಿನಲ್ಲಿ ತಂಗಿದ್ದಾಗ, ಮರುದಿನ ಊರಿಗೆ ಹೊರಡಬೇಕೆಂಬ ಸಂಜೆ, ಆ ಯಂತ್ರ ಕಡತಗಳನ್ನು ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳತೊಡಗಿತು. ಬಳಿಕ ಯಾವ ಕಡತವನ್ನೂ ಉಳಿಸಲು ಒಪ್ಪಲಿಲ್ಲ. "ಸಾರ್, ಇದು ಓದೋಕೆ ಬಿಡುತ್ತೆ, ಬರೆಯೋಕೆ ಬಿಡ್ತಾ ಇಲ್ಲ" ಎಂದಳು. ಲಿನಕ್ಸ್ ಬಲ್ಲವರಿಗೆ ಈ ಲಕ್ಷಣದ ಅರ್ಥ ತಿಳಿದಿರುತ್ತದೆ. ಡಿಸ್ಕಿನಲ್ಲಿ ದೋಷ ಕಂಡಾಗ ಹಾನಿ ಹೆಚ್ಚದಂತೆ ಕಡತವ್ಯವಸ್ಥೆಯನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತಳ್ಳುವುದು ಉಬುಂಟುವಿನಂಥ ವ್ಯವಸ್ಥೆಗಳ ರೂಢಿ. ಕರ್ನಲ್ಲಿನ ಸಂದೇಶಗಳಲ್ಲಿ ಇನ್‌ಪುಟ್ ಔಟ್‌ಪುಟ್ ದೋಷ ಎಂಬ ಸಾಲು ಬೇರೆ ಬೇರೆ ಸೆಕ್ಟರ್ ಸಂಖ್ಯೆಗಳೊಡನೆ ಮತ್ತೆ ಮತ್ತೆ ಬರುತ್ತಿತ್ತು. ಸ್ಮಾರ್ಟ್‌ಸಿಟಿಎಲ್ ಎಂಬ ಸಾಧನದಿಂದ ಡ್ರೈವಿನ ಸ್ವಂತ ವರದಿಯನ್ನು ಕೇಳಿದರೆ ಮೇಲ್ಗಡೆ 'ಉತ್ತೀರ್ಣ' ಎಂದಿತ್ತು. ಅದರ ಕೆಳಗೇ ಸರಿಪಡಿಸಲಾಗದ ದೋಷಗಳ ಎಣಿಕೆ ಏರುತ್ತಿತ್ತು. ಆ ಒಟ್ಟು ತೀರ್ಪನ್ನು ನಂಬದೆ ಒಳಗಿನ ಅಂಕಿಗಳನ್ನು ಓದಬೇಕು. ಇದು ರಾಜಪ್ರಶಸ್ತಿಯ ಭಾಗವನ್ನು ಬಿಟ್ಟು ದತ್ತಿಯ ವಿವರವನ್ನು ಓದುವ ನಮ್ಮ ಅಭ್ಯಾಸಕ್ಕೆ ದೂರವಾದದ್ದಲ್ಲ.

ಮರಳಿ ಮರಳಿ ಚಾಲೂ ಮಾಡಿ ನೋಡುವ ಆಸೆ ಇಂಥ ಹೊತ್ತಿನಲ್ಲಿ ಸಹಜ. ನಾವು ಯಂತ್ರವನ್ನು ಆರಿಸಿ ಮುಚ್ಚಿಟ್ಟೆವು. ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುವುದಾಗಿ ಹೇಳಿದರು. ಅವರು ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ಅವರ ಬಳಿ ಬರುವ ಬಹುಪಾಲು ಗಿರಾಕಿಗಳಿಗೆ ಬೇಕಾದದ್ದು ನಡೆಯುವ ಯಂತ್ರ. ನಮಗೆ ಬೇಕಾದದ್ದು ಅದರೊಳಗಿನ ಅಕ್ಷರ.

ಇಲ್ಲಿ ಎಸ್‌ಎಸ್‌ಡಿಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ, ಏಕೆಂದರೆ ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಇಂದು ಬಹುತೇಕ ಪ್ರಬಂಧಗಳು ಇದರ ಮೇಲೆಯೇ ಹುಟ್ಟುತ್ತಿವೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಕಾಂತೀಯ ಗುರುತು, ಓದುವ ಮುಳ್ಳು ಇರುತ್ತಿದ್ದವು. ಕೆಡುವ ಮುನ್ನ ಅದು ಕಟಕಟ ಸದ್ದು ಮಾಡಿ ಎಚ್ಚರಿಸುವುದೂ ಉಂಟು. ಎಸ್‌ಎಸ್‌ಡಿಯಲ್ಲಿ ಚಲಿಸುವುದು ಏನೂ ಇಲ್ಲ, ಆದುದರಿಂದ ಸದ್ದೂ ಇಲ್ಲ. ಅದರ ಫ್ಲ್ಯಾಶ್ ಚಿಪ್ಪುಗಳಲ್ಲಿ ಕೋಟಿಗಟ್ಟಲೆ ಅತಿಸೂಕ್ಷ್ಮ ಕೋಶಗಳಿವೆ. ಒಂದೊಂದರಲ್ಲೂ ಹಿಡಿದಿಟ್ಟ ವಿದ್ಯುದಾವೇಶದ ಪ್ರಮಾಣವೇ ಅಕ್ಷರ. ಬರೆಯುವಾಗಲೂ ಅಳಿಸುವಾಗಲೂ ಆ ಕೋಶದ ನಿರೋಧಕ ಪದರ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಸವೆದ ಕೋಶದಿಂದ ಆವೇಶ ಸೋರುತ್ತದೆ. ಒಂದು ಕೋಶದಲ್ಲಿ ಮೂರು ಬಿಟ್‌ಗಳನ್ನು ತುಂಬಬೇಕಾದರೆ ಎಂಟು ಮಟ್ಟಗಳನ್ನು ಬೇರ್ಪಡಿಸಿ ಓದಬೇಕು, ನಾಲ್ಕಾದರೆ ಹದಿನಾರು. ಡ್ರೈವು ಅಗ್ಗವಾದಷ್ಟೂ ಮಟ್ಟಗಳ ನಡುವಿನ ಅಂತರ ಕಿರಿದಾಗುತ್ತ ಬಂದಿದೆ. ಸಾಮಾನ್ಯ ದೋಷಗಳನ್ನು ತಿದ್ದಿಕೊಳ್ಳುವ ಗಣಿತ ಒಳಗೇ ಇರುತ್ತದೆ. ತಪ್ಪುಗಳು ಆ ಗಣಿತದ ಮಿತಿಯನ್ನು ಮೀರಿದಾಗ ಡ್ರೈವು ಆ ಸೆಕ್ಟರನ್ನು ಓದಲಾಗದು ಎನ್ನುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸವೆತ ಒಂದೇ ಕಡೆ ಆಗದಿರಲೆಂದು ಡ್ರೈವಿನ ನಿಯಂತ್ರಕ ನಮ್ಮ ಬರಹವನ್ನು ಚಿಪ್ಪಿನ ತುಂಬ ಚದುರಿಸಿ ಇಡುತ್ತದೆ. ಯಾವ ತಾರ್ಕಿಕ ಸಂಖ್ಯೆಯ ತುಣುಕು ಯಾವ ಭೌತಿಕ ಸ್ಥಾನದಲ್ಲಿದೆ ಎಂಬ ಸೂಚಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ಸೂಚಿ ಕೆಟ್ಟರೆ ಅಕ್ಷರಗಳೆಲ್ಲ ಇದ್ದೂ ಗ್ರಂಥವಿಲ್ಲ. ದಾರ ಹರಿದು, ಗರಿಸಂಖ್ಯೆ ನುಸಿ ತಿಂದ ತಾಳೆಗರಿಯ ಕಟ್ಟನ್ನು ಬಿಚ್ಚಿ ಕುಳಿತವರಿಗೆ ಇದರ ಕಷ್ಟವನ್ನು ಹೇಳಬೇಕಾಗಿಲ್ಲ. ಆದರೆ ಅಲ್ಲಿ ಗರಿ ನೂರೋ ಇನ್ನೂರೋ, ಇಲ್ಲಿ ತುಣುಕುಗಳು ಕೋಟಿ. ನಿಯಂತ್ರಕ ಸತ್ತ ಎಸ್‌ಎಸ್‌ಡಿಯನ್ನು ಮನೆಯಲ್ಲಿ ಯಾರೂ ಓದಲಾರರು. ಅದು ಇನ್ನೂ ಉಸಿರಾಡುತ್ತಿರುವಾಗ ಕೈಲಾದಷ್ಟನ್ನು ಹೊರತೆಗೆಯುವುದೊಂದೇ ದಾರಿ.

ಮರುದಿನ ಮೈಸೂರಿಗೆ ಹೋಗದೆ, ಕಪಿಲೆ ಹರಿಯುವ ದಿಕ್ಕಿನಲ್ಲೇ ನರಸೀಪುರಕ್ಕೆ ಹೋದೆವು. ಅಲ್ಲಿ ಕೈಗಾರಿಕಾ ತರಬೇತಿಯ ಪಾಠ ಹೇಳಿ ನಿವೃತ್ತರಾದ ಗೆಳೆಯರೊಬ್ಬರಿದ್ದಾರೆ. ಅವರ ಮೇಜಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ, ಡ್ರೈವನ್ನು ನೇರವಾಗಿ ಸಿಕ್ಕಿಸಲು ಬಿಡುವಾದ ಸಾಟಾ ಕೊಂಡಿ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಕರೆಂಟು ಹೋದರೂ ನಿಲ್ಲದ ಯುಪಿಎಸ್ ಇದೆ. ನಾನು ಚರಂಡಿಯ ಶಾಸನದ ಕಥೆಯನ್ನು ಹೇಳಿ, ಆ ಒಂದು ಕೋಶವನ್ನಾದರೂ ಮೊದಲು ತೆರೆದು ನಕಲು ಮಾಡಿಕೊಳ್ಳೋಣವೆ ಎಂದು ಕೇಳಿದೆ. "ಬೇಡಿ ಮೇಷ್ಟ್ರೇ. ಈಗ ಇದನ್ನ ಏನೂ ಕೇಳಬಾರದು. ಮೊದಲು ಪೂರ್ತಿ ಅಚ್ಚು ತೆಗೆದುಬಿಡೋಣ, ಆಮೇಲೆ ಅಚ್ಚನ್ನ ಕೇಳೋಣ" ಎಂದರು.

ಅವರು ಆ ಮಾತನ್ನು ಶಾಸನಶಾಸ್ತ್ರದಿಂದ ಕಲಿತವರಲ್ಲ. ಆದರೆ ಶಾಸನಶಾಸ್ತ್ರದ ಮೊದಲ ಪಾಠ ಅದೇ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಂಡಿಗಳೊಳಕ್ಕೆ ಇಳಿಸಿ, ಮೇಲೆ ಮಸಿಯ ಒತ್ತು ಕೊಟ್ಟು ತೆಗೆದ ಪಡಿಯಚ್ಚು ಓದುಗನ ಇಷ್ಟಾನಿಷ್ಟಗಳನ್ನು ಅರಿಯದು. ಅದು ಅಕ್ಷರವನ್ನೂ ಬಿರುಕನ್ನೂ ಸಮಾನವಾಗಿ ಹೊತ್ತು ಬರುತ್ತದೆ. ಓದುವುದು ಆಮೇಲೆ, ನೆರಳಿನಲ್ಲಿ, ಮೇಜಿನ ಮೇಲೆ. ಇದಕ್ಕೆ ವಿರುದ್ಧವಾದ ಅಭ್ಯಾಸವನ್ನೂ ನಾವು ಬಲ್ಲೆವು: ಕಲ್ಲಿನ ಮುಂದೆ ಕುಳಿತು, ತನಗೆ ತೋರಿದಂತೆ ಅಕ್ಷರಗಳ ಮೇಲೆ ಸೀಮೆಸುಣ್ಣ ತೀಡಿ, ಆ ತೀಡಿದ್ದನ್ನು ಚಿತ್ರ ತೆಗೆಯುವುದು. ಮುಂದೆ ಬರುವವನು ನೋಡುವುದು ಕಲ್ಲನ್ನಲ್ಲ, ಹಿಂದಿನವನ ಊಹೆಯನ್ನು. ಕಡತವ್ಯವಸ್ಥೆಯನ್ನು ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಎಂಬ ಸಾಧನವನ್ನು ಸಾಯುತ್ತಿರುವ ಡ್ರೈವಿನ ಮೇಲೆಯೇ ಓಡಿಸುವುದು ನೇರವಾಗಿ ಈ ಸೀಮೆಸುಣ್ಣದ ಕೆಲಸ. ಅದು ಊಹಿಸುತ್ತದೆ, ಊಹಿಸಿದ್ದನ್ನು ಮೂಲದ ಮೇಲೆ ಬರೆಯುತ್ತದೆ. ಬರೆಯುವ ಪ್ರತಿ ಪ್ರಯತ್ನವೂ ಸವೆದ ಕೋಶಗಳಿಗೆ ಹೊಸ ಪೆಟ್ಟು. ಸುಮ್ಮನೆ ಮೌಂಟ್ ಮಾಡಿದರೂ ಬಾಕಿ ಉಳಿದ ಬರವಣಿಗೆಗಳನ್ನು ಪೂರೈಸಲು ವ್ಯವಸ್ಥೆ ಮುಂದಾಗುತ್ತದೆ. ಆದುದರಿಂದ ಗೆಳೆಯರು ಮೊದಲು ಮಾಡಿದ ಕೆಲಸವೆಂದರೆ ತಾನಾಗಿ ಮೌಂಟ್ ಆಗುವ ಸೌಕರ್ಯವನ್ನು ತಮ್ಮ ಯಂತ್ರದಲ್ಲಿ ನಿಲ್ಲಿಸಿದ್ದು.

ಮೂಡುಬಿದಿರೆಯ ಧವಲಾ ಗ್ರಂಥಗಳ ಇತಿಹಾಸವೂ ನನಗೆ ಆಗ ನೆನಪಾಯಿತು. ಹಳಗನ್ನಡ ಲಿಪಿಯ ಆ ತಾಳೆಗರಿಗಳಿಂದ ಪ್ರತಿ ಮಾಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ದಶಕಗಳ ಕಾಲ ನಡೆಯಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯ ಮೊದಲ ಸಂಪುಟ ಬಂದದ್ದು 1939ರಲ್ಲಿ. ಪ್ರತಿಕಾರನೂ ಸಂಪಾದಕನೂ ಬೇರೆ ಬೇರೆ ಕಾಲದ ಬೇರೆ ಬೇರೆ ಕೆಲಸಗಾರರು. ಎರಡನ್ನೂ ಒಬ್ಬನೇ ಒಂದೇ ಉಸಿರಿನಲ್ಲಿ ಮಾಡಹೊರಟರೆ ಎರಡೂ ಕೆಡುತ್ತವೆ.

ಪಡಿಯಚ್ಚು ತೆಗೆಯುವ ಸಾಧನ ಗ್ನೂ ಡಿಡಿರೆಸ್ಕ್ಯೂ, ಆಂಟೋನಿಯೊ ಡಿಯಾಸ್ ಡಿಯಾಸ್ ಅವರು ಬರೆದದ್ದು. ಇದರದೇ ಹೆಸರಿನ ಹತ್ತಿರಕ್ಕೆ ಬರುವ, ನಡುವೆ ಅಡಿಗೆರೆ ಉಳ್ಳ, ಬೇರೊಬ್ಬರು ಬರೆದ ಇನ್ನೊಂದು ಸಾಧನವೂ ಇದೆ. ಉಬುಂಟುವಿನಲ್ಲಿ ನಮಗೆ ಬೇಕಾದದ್ದು ಜಿಡಿಡಿರೆಸ್ಕ್ಯೂ ಎಂಬ ಪೊಟ್ಟಣದಲ್ಲಿ ದೊರೆಯುತ್ತದೆ, ಆದರೆ ಆಜ್ಞೆ ಕೊಡುವಾಗ ಮೊದಲ ಜಿ ಇಲ್ಲ. ಇಬ್ಬರು ನಾಗವರ್ಮರನ್ನು ಬೇರ್ಪಡಿಸಿದ ಪರಂಪರೆಗೆ ಇದು ದೊಡ್ಡ ತೊಡಕೇನಲ್ಲ. ಆಜ್ಞೆಯಲ್ಲಿ ಮೂರು ಹೆಸರುಗಳು ಬರುತ್ತವೆ: ಮೂಲ, ಗುರಿ, ನಕ್ಷೆ. ಮೂಲವೂ ಗುರಿಯೂ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಹೋಗುತ್ತದೆ. ಆದುದರಿಂದ ಪ್ರತಿ ಸಲವೂ ಡ್ರೈವಿನ ಕ್ರಮಸಂಖ್ಯೆಯನ್ನು ಅದರ ಮೈಮೇಲಿನ ಚೀಟಿಯೊಡನೆ ತಾಳೆ ನೋಡಿ, ಆ ಹೆಸರುಗಳನ್ನು ಒಬ್ಬರು ಓದಿ ಇನ್ನೊಬ್ಬರು ಬೆರಳಿಟ್ಟು ತೋರಿಸಿದ ಮೇಲೆಯೇ ಗುಂಡಿ ಒತ್ತಿದೆವು.

ಈ ಸಾಧನದ ಜಾಣ್ಮೆ ಅದರ ಓದುವ ಕ್ರಮದಲ್ಲಿದೆ. ಸಾಮಾನ್ಯ ನಕಲು ಕಾರ್ಯಕ್ರಮ ಮೊದಲ ಕೆಟ್ಟ ಜಾಗದಲ್ಲಿಯೇ ಎಡವಿ ನಿಂತುಬಿಡುತ್ತದೆ, ಅಥವಾ ಅಲ್ಲೇ ಹಟ ಹಿಡಿದು ಕುಳಿತು ಡ್ರೈವಿನ ಉಳಿದ ಆಯುಸ್ಸನ್ನು ಮುಗಿಸುತ್ತದೆ. ಇದು ಹಾಗಲ್ಲ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ತೊಡಕು ಸಿಕ್ಕಲ್ಲಿ ಹಾರಿ ಮುಂದಕ್ಕೆ ಹೋಗುತ್ತದೆ. ಆಮೇಲೆ ಬಿಟ್ಟ ಜಾಗಗಳಿಗೆ ಹಿಂತಿರುಗಿ ಅವುಗಳ ಅಂಚನ್ನು ಎರಡೂ ಕಡೆಯಿಂದ ಕತ್ತರಿಸುತ್ತ ಬರುತ್ತದೆ, ಅನಂತರ ಉಳಿದದ್ದನ್ನು ಸೆಕ್ಟರು ಸೆಕ್ಟರಾಗಿ ಕೆರೆಯುತ್ತದೆ. ಎಷ್ಟು ಸಲ ಮರುಪ್ರಯತ್ನ ಎಂಬುದನ್ನು ನಾವು ಹೇಳಬಹುದು. ನುರಿತ ಶಾಸನತಜ್ಞ ಶಿಲೆಯ ಮುಂದೆ ಮಾಡುವುದೂ ಇದನ್ನೇ. ಸ್ಪಷ್ಟವಾದ ಸಾಲುಗಳನ್ನು ಮೊದಲು ಬರೆದುಕೊಂಡು, ಸವೆದ ಸಾಲನ್ನು ಎರಡು ತುದಿಗಳಿಂದ ಕಿರಿದು ಮಾಡುತ್ತ ಬಂದು, ಕೊನೆಗೆ ಉಳಿದ ಒಂದೆರಡು ಅಕ್ಷರಗಳಿಗಾಗಿ ಸಂಜೆಯ ಬಿಸಿಲಿಗೆ ಕಾಯುತ್ತಾನೆ.

ನಕ್ಷೆಯ ಕಡತವಂತೂ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಅದು ಸಾಮಾನ್ಯ ಪಠ್ಯಕಡತ. ಒಂದೊಂದು ಸಾಲಿನಲ್ಲೂ ಒಂದು ಆರಂಭಸ್ಥಾನ, ಒಂದು ಉದ್ದ, ಒಂದು ಚಿಹ್ನೆ. ಇನ್ನೂ ಮುಟ್ಟದ್ದಕ್ಕೆ ಪ್ರಶ್ನಾರ್ಥಕ, ಅಂಚು ಕತ್ತರಿಸಬೇಕಾದ್ದಕ್ಕೆ ನಕ್ಷತ್ರ, ಕೆರೆಯಬೇಕಾದ್ದಕ್ಕೆ ಓರೆಗೆರೆ, ಓದಲು ಆಗದ್ದಕ್ಕೆ ಅಡ್ಡಗೆರೆ, ದೊರೆತದ್ದಕ್ಕೆ ಕೂಡುಚಿಹ್ನೆ. ಸಂದೇಹವನ್ನು ಇಷ್ಟು ದರ್ಜೆಗಳಲ್ಲಿ ಬೇರ್ಪಡಿಸಿ ದಾಖಲಿಸುವ ಪದ್ಧತಿ ನಮ್ಮ ಗ್ರಂಥಸಂಪಾದನೆಯಲ್ಲಿ ಇನ್ನೂ ನೆಲೆಗೊಂಡಿಲ್ಲ. ನಾವು ಚುಕ್ಕಿ ಇಡುತ್ತೇವೆ; ಆ ಚುಕ್ಕಿ, ನೋಡಿ ಸೋತದ್ದೋ ನೋಡದೆ ಬಿಟ್ಟದ್ದೋ ಓದುಗನಿಗೆ ತಿಳಿಯದು.

ನಕ್ಷೆಯ ನಿಜವಾದ ಉಪಯೋಗ ಅಂದು ಮಧ್ಯಾಹ್ನ ತಿಳಿಯಿತು. 240 ಜಿಬಿಯ ಡ್ರೈವು. ಆರೋಗ್ಯವಾಗಿದ್ದರೆ ಅರ್ಧ ಗಂಟೆಯೊಳಗೆ ಮುಗಿಯಬೇಕಾದ ಓದು. ಸುಮಾರು ಆರರಲ್ಲಿ ಒಂದು ಪಾಲು ಆಗುವಷ್ಟರಲ್ಲಿ ವೇಗ ಕುಸಿದು, ಡ್ರೈವು ವ್ಯವಸ್ಥೆಯಿಂದಲೇ ಮಾಯವಾಯಿತು. ಕೆಟ್ಟ ಜಾಗವನ್ನು ಓದಲು ಹೋಗಿ ನಿಯಂತ್ರಕ ತನ್ನೊಳಗೆ ತಾನೇ ಸಿಕ್ಕಿಹಾಕಿಕೊಂಡಾಗ ಹೀಗಾಗುತ್ತದೆ. ಅದಕ್ಕೆ ಮದ್ದು ವಿದ್ಯುತ್ತನ್ನು ಪೂರ್ಣವಾಗಿ ತೆಗೆದು, ತಣಿಯಲು ಬಿಟ್ಟು, ಮತ್ತೆ ಕೊಡುವುದೊಂದೇ. ಹಾಗೆ ಮಾಡಿದಾಗ ಅದು ಬೇರೊಂದು ಹೆಸರಿನಲ್ಲಿ ಎದ್ದುಬಂದಿತು. ಕ್ರಮಸಂಖ್ಯೆಯನ್ನು ತಾಳೆ ನೋಡುವ ಶಿಸ್ತು ಇಲ್ಲಿ ಕೆಲಸಕ್ಕೆ ಬಂತು. ನಕ್ಷೆ ಇದ್ದುದರಿಂದ ಓದಿದ್ದನ್ನು ಮತ್ತೆ ಓದಬೇಕಾಗಲಿಲ್ಲ. ಎರಡನೆಯ ಬಾರಿ ಮಾಯವಾದಾಗ ಗೆಳೆಯರು ಓದಿನ ದಿಕ್ಕನ್ನೇ ತಿರುಗಿಸಿದರು: ಕೊನೆಯಿಂದ ಮೊದಲಿಗೆ. ಆಶ್ಚರ್ಯವೆಂಬಂತೆ ಆ ಕಡೆಯಿಂದ ಬಹಳ ದೂರ ಸರಾಗವಾಗಿ ಬಂದಿತು. ಗದ್ಯವನ್ನು ತಲೆಕೆಳಗಾಗಿ ಓದಿದರೆ ಕರಡಿನ ತಪ್ಪು ಕಣ್ಣಿಗೆ ಬೀಳುತ್ತದೆ ಎಂದು ನಮ್ಮ ಹಳೆಯ ಕರಡು ತಿದ್ದುವವರು ಹೇಳುತ್ತಿದ್ದರು. ಆ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ನೆನಪಾಯಿತು.

ಸಂಜೆಯ ಹೊತ್ತಿಗೆ ಸುಮಾರು 430 ಎಂಬಿ ಬಿಟ್ಟು ಉಳಿದೆಲ್ಲ ಬಂದಿತ್ತು. ಅಲ್ಲಿಂದ ಮುಂದೆ ಕತ್ತರಿಸುವ, ಕೆರೆಯುವ ಕೆಲಸ ರಾತ್ರಿಯೆಲ್ಲ ನಡೆಯಿತು. ಬೆಳಗ್ಗೆ ಉಳಿದದ್ದು 61 ಎಂಬಿ. ಎಂದರೆ ಶೇಕಡ 99.97ರಷ್ಟು ದೊರೆತಿದೆ. ಮೂರನೆಯ ಮರುಪ್ರಯತ್ನದಲ್ಲಿ ಒಂದು ಸೆಕ್ಟರೂ ಹೆಚ್ಚಿಗೆ ಬರಲಿಲ್ಲವಾದ್ದರಿಂದ ನಿಲ್ಲಿಸಿದೆವು. ಈ ಶೇಕಡದ ಲೆಕ್ಕಕ್ಕೆ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯಿಲ್ಲ. ಸಾವಿರ ಅಕ್ಷರದ ಶಾಸನದಲ್ಲಿ ಮೂರೇ ಅಕ್ಷರ ಹೋಗಿದ್ದು, ಆ ಮೂರು ಶಕವರ್ಷದ ಸ್ಥಾನದಲ್ಲಿದ್ದರೆ?

ಆದುದರಿಂದ ಮುಂದಿನ ಪ್ರಶ್ನೆ, ಹೋದದ್ದು ಎಲ್ಲಿ ಹೋಯಿತು ಎಂಬುದು. ಡಿಡಿರೆಸ್ಕ್ಯೂ ಓದಲಾಗದ ಜಾಗವನ್ನು ಸೊನ್ನೆಗಳಾಗಿ ಬಿಡುತ್ತದೆ. ಕಡತಗಳ ಪಟ್ಟಿಯಲ್ಲಿ ಎಲ್ಲವೂ ಪೂರ್ಣವಾಗಿರುವಂತೆಯೇ ಕಾಣುತ್ತದೆ. ಇದು ಅಪಾಯಕಾರಿಯಾದ ಪೂರ್ಣತೆ. ಇದಕ್ಕೊಂದು ಸೊಗಸಾದ ಉಪಾಯ ಅದೇ ಸಾಧನದಲ್ಲಿದೆ. ಪಡಿಯಚ್ಚಿನ ಒಂದು ಪ್ರತಿಯನ್ನು ಮಾಡಿಕೊಂಡು, ಆ ಪ್ರತಿಯಲ್ಲಿ ಕೆಟ್ಟ ಜಾಗಗಳನ್ನೆಲ್ಲ ನಾವು ಆರಿಸಿದ ಯಾವುದಾದರೊಂದು ಪದದಿಂದ ತುಂಬಬಹುದು. ಬಳಿಕ ಆ ಪದ ಯಾವ ಯಾವ ಕಡತಗಳಲ್ಲಿದೆ ಎಂದು ಹುಡುಕಿದರೆ ಹಾನಿಗೊಂಡ ಕಡತಗಳ ಪಟ್ಟಿ ಸಿಗುತ್ತದೆ. ಯಾವ ಪದ ಎಂದು ಗೆಳೆಯರು ಕೇಳಿದಾಗ ವಿದ್ಯಾರ್ಥಿನಿ ತಡವಿಲ್ಲದೆ 'ಲುಪ್ತ' ಎಂದಳು. ಮೂಲದ ಅಚ್ಚು ಒಂದು, 'ಲುಪ್ತ' ತುಂಬಿದ್ದು ಒಂದು, ದುರಸ್ತಿಯ ಪ್ರಯೋಗಕ್ಕೆಂದು ಇನ್ನೊಂದು ಹೀಗೆ ಮೂರು ಪ್ರತಿಗಳು ಒಂದು ಟಿಬಿಯ ಡಿಸ್ಕಿನಲ್ಲಿ ಕುಳಿತವು. ಮೊದಲನೆಯದನ್ನು ಓದಲು ಮಾತ್ರ ಎಂದು ಬೀಗ ಹಾಕಿದೆವು. ಎಫ್‌ಎಸ್‌ಸಿಕೆಯ ಸೀಮೆಸುಣ್ಣಕ್ಕೆ ಮೂರನೆಯದರ ಮೇಲೆ ಮಾತ್ರ ಅನುಮತಿ.

ಹುಡುಕಿದಾಗ 'ಲುಪ್ತ' 212 ಕಡತಗಳಲ್ಲಿ ಸಿಕ್ಕಿತು. ಅವುಗಳಲ್ಲಿ 171 ವ್ಯವಸ್ಥೆಯವು, ಬೇಕೆಂದಾಗ ಮತ್ತೆ ತಂದು ಹಾಕಬಹುದಾದವು. ನಮ್ಮವು 41: 33 ಚಿತ್ರಗಳು, 8 ಧ್ವನಿಮುದ್ರಿಕೆಗಳು. ಇನ್ನು ಕೆಲವು ಚಿತ್ರಗಳು ಕೆಟ್ಟಿರಲಿಲ್ಲ, ಆದರೆ ಅವುಗಳ ಹೆಸರನ್ನು ಹೊತ್ತ ಕೋಶದ ಪಟ್ಟಿ ಕೆಟ್ಟಿತ್ತು. ದುರಸ್ತಿಯ ಪ್ರತಿಯಲ್ಲಿ ಅವು ಹೆಸರಿಲ್ಲದೆ, ಬರಿಯ ಸಂಖ್ಯೆಗಳಾಗಿ, ಕಳೆದುಸಿಕ್ಕವುಗಳ ಕೋಶದಲ್ಲಿ ಬಂದು ಬಿದ್ದವು. ಅವಕ್ಕೆ ಮತ್ತೆ ಹೆಸರು ಕೊಟ್ಟದ್ದು ಅವಳ ಕಾಗದದ ದಿನಚರಿ. ಯಾವ ಊರು, ಯಾವ ಕಲ್ಲು, ಎಷ್ಟು ಗಂಟೆ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಚಿತ್ರದೊಳಗೆ ಹುದುಗಿದ ಸಮಯದೊಡನೆ ಅದನ್ನು ಹೊಂದಿಸಿದಾಗ ಎಲ್ಲವೂ ತಮ್ಮ ತಮ್ಮ ಊರಿಗೆ ಮರಳಿದವು.

ಹಾನಿಯ ಸ್ವರೂಪ ಕಡತದ ಜಾತಿಯನ್ನು ಅನುಸರಿಸುತ್ತದೆ. ಜೆಪೆಗ್ ಚಿತ್ರದಲ್ಲಿ ನಡುವೆ ಒಂದು ತೂತು ಬಿದ್ದರೆ ಸಾಮಾನ್ಯವಾಗಿ ಅಲ್ಲಿಂದ ಕೆಳಗಿನದೆಲ್ಲ ಬೂದುಬಣ್ಣವೋ ಬಣ್ಣಗಳ ಗೊಂದಲವೋ ಆಗುತ್ತದೆ, ಏಕೆಂದರೆ ಅದರ ಸಂಕೋಚನದಲ್ಲಿ ಮುಂದಿನದರ ಅರ್ಥ ಹಿಂದಿನದನ್ನು ಆಶ್ರಯಿಸಿರುತ್ತದೆ. ಸಂಕೋಚಿಸದ ವೇವ್ ಧ್ವನಿಕಡತದಲ್ಲಾದರೆ ತೂತು ಬಿದ್ದಷ್ಟೇ ನಷ್ಟ, ಮುಂದಿನ ಮಾತು ಮತ್ತೆ ಕೇಳುತ್ತದೆ. ನಂಜನಗೂಡು ತಾಲ್ಲೂಕಿನ ಒಬ್ಬ ಅಜ್ಜಿ ತಮ್ಮ ಹೊಲದ ವೀರಗಲ್ಲಿಗೆ ಮಳೆಗಾಲದ ಮೊದಲು ಎಣ್ಣೆ ಹಚ್ಚುವ ಪದ್ಧತಿಯನ್ನು ವಿವರಿಸಿದ್ದರು. ಅದರ ನಡುವೆ ಸುಮಾರು 40 ಸೆಕೆಂಡು, ಲೆಕ್ಕದಲ್ಲಿ 3.5 ಎಂಬಿ, ಇಲ್ಲ. ಎರಡನೆಯ ಪ್ರತಿಯಲ್ಲಿ ಅದನ್ನು ಕೇಳಿದರೆ ಆ ಜಾಗದಲ್ಲಿ ತೀಕ್ಷ್ಣವಾದ ಕೀರಲು ಸದ್ದು ಬರುತ್ತದೆ. 'ಲುಪ್ತ' ಎಂಬ ಪದವನ್ನು ಧ್ವನಿಯೆಂದು ಬಗೆದು ಎಡೆಬಿಡದೆ ನುಡಿಸಿದರೆ ಹಾಗೆ ಕೇಳುತ್ತದೆ! ಅಜ್ಜಿಯ ಬಳಿಗೆ ಮತ್ತೆ ಹೋಗಿ ಕೇಳಿದೆವು. ಅವರು ಹೇಳಿದರು, ಆದರೆ ಮೊದಲಿನ ಹಾಗೆ ಹೇಳಲಿಲ್ಲ. ಎಣ್ಣೆಯ ವಿಷಯವನ್ನು ಬಿಟ್ಟು ಮಗನ ಜಮೀನಿನ ವ್ಯಾಜ್ಯವನ್ನು ಹೇಳಿದರು. ಮೌಖಿಕ ಪಠ್ಯಕ್ಕೆ ಮರುಓದು ಇಲ್ಲ, ಹೊಸ ಪಾಠ ಮಾತ್ರ ಉಂಟು.

ಒಂದು ಪ್ರಯತ್ನ ಪೂರ್ಣವಾಗಿ ವಿಫಲವಾಯಿತು. ಮಸುಕಾಗಿವೆಯೆಂದು ಎರಡು ವಾರದ ಹಿಂದೆ ವಿದ್ಯಾರ್ಥಿನಿ ಅಳಿಸಿದ್ದ ಕೆಲವು ಚಿತ್ರಗಳನ್ನೂ ಈ ನೆಪದಲ್ಲಿ ಪಡೆಯಬಹುದೆ ಎಂದು ಪಡಿಯಚ್ಚಿನ ಮೇಲೆ ಫೋಟೊರೆಕ್ ಎಂಬ ಸಾಧನವನ್ನು ಓಡಿಸಿದೆವು. ಕಡತದ ಹೆಸರು ಪಟ್ಟಿ ಯಾವುದನ್ನೂ ನೆಚ್ಚದೆ, ಜೆಪೆಗ್ಗಿನ ಆರಂಭದಲ್ಲಿ ಬರುವ ನಿಶ್ಚಿತ ಗುರುತನ್ನು ಹಿಡಿದು ಚಿತ್ರಗಳನ್ನು ಎತ್ತುವುದು ಅದರ ವಿಧಾನ. 'ಸ್ವಸ್ತಿ' ಕಂಡಲ್ಲೆಲ್ಲ ಒಂದು ಶಾಸನ ಆರಂಭವಾಯಿತೆಂದು ಹಿಡಿಯುವಂತೆ. ಹಾರ್ಡ್ ಡಿಸ್ಕಿನಲ್ಲಿ ಇದು ಬಹಳ ಸಲ ಫಲಿಸುತ್ತದೆ, ಏಕೆಂದರೆ ಅಲ್ಲಿ ಅಳಿಸುವುದೆಂದರೆ ಸೂಚಿಯಿಂದ ಹೆಸರು ತೆಗೆಯುವುದಷ್ಟೇ. ಎಸ್‌ಎಸ್‌ಡಿಗೆ ಲಿನಕ್ಸ್ ವಾರಕ್ಕೊಮ್ಮೆ ಟ್ರಿಮ್ ಎಂಬ ಆಜ್ಞೆಯ ಮೂಲಕ ಯಾವ ಜಾಗ ಖಾಲಿಯಾಗಿದೆಯೆಂದು ತಿಳಿಸುತ್ತದೆ. ಡ್ರೈವು ಆ ಜಾಗದ ನಂಟನ್ನು ಕಡಿದುಕೊಳ್ಳುತ್ತದೆ, ಕೇಳಿದರೆ ಸೊನ್ನೆಯನ್ನು ಕೊಡುತ್ತದೆ. ಡ್ರೈವಿನ ವೇಗಕ್ಕೂ ಆಯುಸ್ಸಿಗೂ ಇದು ಒಳ್ಳೆಯದು. ಅಳಿಸಿದ್ದು ಮರಳಿ ಬರುವುದೆಂಬ ಹಳೆಯ ಭರವಸೆಯನ್ನು ಮಾತ್ರ ಇದರೊಡನೆ ಬಿಟ್ಟುಬಿಡಬೇಕು. ಹಾಗೆಯೇ, ಪೂರ್ಣ ಡಿಸ್ಕನ್ನು ಗೂಢಲಿಪೀಕರಿಸಿ ಇಟ್ಟವರು ಅದರ ಶೀರ್ಷಭಾಗದ ಪ್ರತಿಯೊಂದನ್ನು ಬೇರೆ ಕಡೆ ಇಡದಿದ್ದಲ್ಲಿ, ಆ ಶೀರ್ಷದ ಕೆಲವೇ ಸೆಕ್ಟರು ಕೆಟ್ಟರೂ ಉಳಿದ 240 ಜಿಬಿ ಅರ್ಥವಿಲ್ಲದ ಅಂಕಿಗಳ ರಾಶಿ.

ಸಂಶೋಧಕರು ಕಿವಿಗೆ ಹಾಕಿಕೊಳ್ಳಬೇಕಾದ ಇನ್ನೊಂದು ಸಂಗತಿಯನ್ನು ಗೆಳೆಯರು ಊಟದ ಹೊತ್ತಿನಲ್ಲಿ ಹೇಳಿದರು. ಪ್ರಬಂಧ ಮುಗಿದ ಮೇಲೆ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಟ್ಟು ಮರೆಯುವುದು ಸಲ್ಲದು. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ನಿಗದಿತ ಬರವಣಿಗೆಯನ್ನೆಲ್ಲ ಮುಗಿಸಿ ಸವೆದ ಸಾಮಾನ್ಯ ಬಳಕೆಯ ಡ್ರೈವು, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಬರಹವನ್ನು ಹಿಡಿದಿಟ್ಟುಕೊಂಡರೆ ಸಾಕು. ಹೊಸ ಡ್ರೈವು ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಶಾಖ ಏರಿದಷ್ಟೂ ಕಾಲ ಕುಗ್ಗುತ್ತದೆ. ನರಸೀಪುರದ ಏಪ್ರಿಲ್ ತಿಂಗಳ ಕಬ್ಬಿಣದ ಬೀರುವಿನ ಒಳಗು ಎಷ್ಟು ಡಿಗ್ರಿ ಇರಬಹುದೆಂದು ಅವರು ನನ್ನನ್ನೇ ಕೇಳಿದರು. ಶ್ರುತಪಂಚಮಿಯಂದು ಭಂಡಾರದ ಕಟ್ಟುಗಳನ್ನು ಬಿಚ್ಚಿ, ದೂಳು ಕೊಡವಿ, ಗಾಳಿಗಿಟ್ಟು, ಮತ್ತೆ ಕಟ್ಟುವ ವಾಡಿಕೆಯನ್ನು ನಾನು ಹೇಳಿದೆ. "ಹಾಗಾದ್ರೆ ವರ್ಷಕ್ಕೊಂದು ದಿನ ಗೊತ್ತು ಮಾಡಿ, ಅವತ್ತು ಡ್ರೈವುಗಳಿಗೂ ಕರೆಂಟು ಕೊಟ್ಟು ಎಲ್ಲ ಕಡತಾನೂ ಒಂದು ಸಲ ಓದಿಸಿ" ಎಂದರು. ಹಾಗೆ ಓದಿಸುವಾಗ ಪ್ರತಿ ಕಡತದ ಮೊತ್ತಸಂಖ್ಯೆಯನ್ನು ಹಿಂದಿನ ವರ್ಷದ್ದರೊಡನೆ ಹೋಲಿಸಲು ಲಿನಕ್ಸಿನಲ್ಲಿ ಒಂದೇ ಆಜ್ಞೆ ಸಾಕು.

ಚರಂಡಿಯ ಶಾಸನದ ಒಂಬತ್ತು ಚಿತ್ರಗಳಲ್ಲಿ ಮೂರು 'ಲುಪ್ತ' ಪಟ್ಟಿಯಲ್ಲಿವೆ. ಎಡಗಡೆಯಿಂದ ಬೆಳಕು ಬಿಟ್ಟು ತೆಗೆದವು ಮೂರೂ ಅವೇ ಆದದ್ದು ದುರ್ದೈವ. ಅವುಗಳಲ್ಲಿ ಒಂದರ ಮೇಲರ್ಧ ನಿಲ್ಲುತ್ತದೆ, ಎಂದರೆ ಮೊದಲ ಮೂರು ಸಾಲು ಮೂರು ದಿಕ್ಕಿನ ಬೆಳಕಿನಲ್ಲೂ ದೊರೆಯುತ್ತವೆ. ನಾಲ್ಕನೆಯ ಸಾಲಿನಿಂದ ಕೆಳಗೆ ಬಲಗಡೆಯ ಮತ್ತು ಮೇಲ್ಗಡೆಯ ಬೆಳಕು ಮಾತ್ರ. ಐದು ಹಾಗೂ ಆರನೆಯ ಸಾಲುಗಳಿಗೆ ಅದು ಸಾಕಾಯಿತು. ನಾಲ್ಕನೆಯ ಸಾಲಿನಲ್ಲಿ 'ಗೆ' ಎಂಬ ವಿಭಕ್ತಿಪ್ರತ್ಯಯದ ಹಿಂದೆ ಮೂರು ಅಕ್ಷರಗಳಿವೆ. ಅವು ಒಂದು ಊರಿನ ಹೆಸರಿನ ಕೊನೆಯೆಂದು ವಿದ್ಯಾರ್ಥಿನಿಯ ಓದು, ವ್ಯಕ್ತಿಯ ಹೆಸರೆಂದು ನನ್ನದು. ಅವಳ ಓದಿಗೆ ಮೊದಲ ಅಕ್ಷರದ ತಲೆಕಟ್ಟು ಅನುಕೂಲವಾಗಿದೆ, ನನ್ನ ಓದಿಗೆ ಕೊನೆಯ ಅಕ್ಷರದ ಕೊಂಬು. ಎಡಬೆಳಕಿನ ಚಿತ್ರ ಇದ್ದಿದ್ದರೆ ಇಬ್ಬರಲ್ಲಿ ಒಬ್ಬರು ಸುಮ್ಮನಾಗುತ್ತಿದ್ದೆವು. ಅವಳ ಪ್ರಬಂಧದಲ್ಲಿ ಆ ಜಾಗಕ್ಕೆ ಮೂರು ಚುಕ್ಕಿಗಳನ್ನಿಟ್ಟು, ಅಡಿಯಲ್ಲಿ ಎರಡೂ ಓದುಗಳನ್ನು ಕೊಟ್ಟಿದ್ದಾಳೆ. ಅನುಬಂಧದಲ್ಲಿ ಹಾನಿಗೊಂಡ 41 ಕಡತಗಳ ಪಟ್ಟಿಯನ್ನೂ ನಕ್ಷೆಯ ಕಡತದ ಸಂಬಂಧಪಟ್ಟ ಸಾಲುಗಳನ್ನೂ ಸೇರಿಸಿದ್ದಾಳೆ. ಉಳಿದ ಆರು ಚಿತ್ರಗಳನ್ನು ಮೈಸೂರಿನ ಇಬ್ಬರು ಹಿರಿಯ ಲಿಪಿತಜ್ಞರಿಗೆ, ನಮ್ಮ ಓದುಗಳನ್ನು ತಿಳಿಸದೆ, ಕಳುಹಿಸಿದ್ದೇವೆ. ಒಬ್ಬರಿಂದ ಇನ್ನೂ ಉತ್ತರ ಬಂದಿಲ್ಲ. ಇನ್ನೊಬ್ಬರು ಕಲ್ಲನ್ನು ನೋಡದೆ ಹೇಳಲಾರೆ, ಎಲ್ಲಿದೆ ತಿಳಿಸಿ ಎಂದು ಬರೆದಿದ್ದಾರೆ.